ಬೋರ್ಡ್ ಯಾವುದು ಸಾರ್?

ಕೇಳುಗರೇ, ನಮಸ್ಕಾರ. ಹಳೇ ಕಂಪ್ಯೂಟರಿಗೆ ಹೊಂದುವ ಪಾರ್ಟ್ ಹುಡುಕಿದ ಕಥೆ ಇದು. ನಮ್ಮ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ, 2009ರಲ್ಲಿ ಅಸೆಂಬಲ್ ಮಾಡಿಸಿದ್ದು. ಒಳಗಿರುವುದು ಇಂಟೆಲ್ ಕಂಪನಿಯ ಕೋರ್ 2 ಡ್ಯುಯೋ ಪ್ರೊಸೆಸರ್. ಇವತ್ತಿಗೂ ಮನೆ ಲೆಕ್ಕ ಬರೆಯುವುದಕ್ಕೆ, ಕನ್ನಡ ಟೈಪ್ ಮಾಡುವುದಕ್ಕೆ, ಪ್ರಿಂಟ್ ತೆಗೆಯುವುದಕ್ಕೆ ಅದೇ. ಹೋದ ವರ್ಷ ಒಂದು ಬೆಳಿಗ್ಗೆ ಬೀಪ್ ಬೀಪ್ ಅಂತ ಕೂಗಿ ನಿಂತಿತು. ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ (ಸ್ಟಿಕ್) ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಹಾಕಿದೆ. ನಾವೆಲ್ಲ ಮೊದಲು ಮಾಡುವ ಮನೆಮದ್ದು ಅದೇ ಅಲ್ವಾ. ಎರಡು ದಿನ ಓಡಿತು, ಆಮೇಲೆ ಮತ್ತೆ ಅದೇ ಕೂಗು.

ಹೊಸ ಸ್ಟಿಕ್ ತರಲು ಕಂಪ್ಯೂಟರ್ ಪಾರ್ಟ್ ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವರು ಕೇಳಿದ್ದು ಒಂದೇ ಮಾತು, "ಬೋರ್ಡ್ ಯಾವುದು ಸಾರ್?" ಎಲ್ಲ ಪಾರ್ಟೂ ಕೂರುವ ಹಲಗೆ, ಅಂದರೆ ಮದರ್‌ಬೋರ್ಡ್, ಅದರ ಮಾಡೆಲ್ ಕೇಳುತ್ತಿದ್ದರು. ನನಗೇನು ಗೊತ್ತು, 2009ರದು ಅಂದೆ. ತಪ್ಪಾಗಿದ್ದು ಅಲ್ಲೇ. ಮೆಮೊರಿಯಲ್ಲಿ ಡಿಡಿಆರ್ 2 ಹಳೇ ತಲೆಮಾರು, ಡಿಡಿಆರ್ 3 ಅದರ ಮುಂದಿನದು. ಆ ವರ್ಷ ಡಿಡಿಆರ್ 2 ಹಾಕುವ ಬೋರ್ಡೂ ಬರುತ್ತಿತ್ತು, ಡಿಡಿಆರ್ 3 ಹಾಕುವ ಬೋರ್ಡೂ ಬರುತ್ತಿತ್ತು. ಅವರು ಡಿಡಿಆರ್ 3 ಕೊಟ್ಟರು, ನಾನು ಮನೆಗೆ ತಂದೆ. ನನ್ನ ಬೋರ್ಡಿಗೆ ಬೇಕಿದ್ದದ್ದು ಡಿಡಿಆರ್ 2. ಎರಡರಲ್ಲೂ 240 ಪಿನ್, ಉದ್ದವೂ ಒಂದೇ, ಕೌಂಟರ್ ಮೇಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಅಂಚಿನಲ್ಲಿರುವ ಕಚ್ಚು ಸ್ವಲ್ಪ ಆ ಕಡೆ ಈ ಕಡೆ. ಡಿಡಿಆರ್ 2 ಓಡುವುದು 1.8 ವೋಲ್ಟ್‌ನಲ್ಲಿ, ಡಿಡಿಆರ್ 3 ಓಡುವುದು 1.5ರಲ್ಲಿ, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು ಅಂತಲೇ ಆ ಕಚ್ಚನ್ನು ಸರಿಸಿದ್ದಾರೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಸೀಳುತ್ತದೆ, ಅಷ್ಟೇ.

ಎರಡನೇ ಸಲ ಹುಷಾರಾಗಿ ಡಿಡಿಆರ್ 2 ಅಂತಲೇ ಕೇಳಿದೆ. ಇನ್ನೊಂದು ಅಂಗಡಿಯಲ್ಲಿ ಒಂದೇ ಸ್ಟಿಕ್‌ನಲ್ಲಿ 4 ಜಿಬಿ, ಅದೂ ಕಡಿಮೆ ಬೆಲೆಗೆ ಸಿಕ್ಕಿತು. ಸರಿಯಾಗಿ ಕೂತಿತು, ಆದರೆ ಮಷಿನ್ ಏಳಲಿಲ್ಲ. ಆಮೇಲೆ ಸ್ಟಿಕ್ಕರ್ ನೋಡಿದರೆ ಸಣ್ಣ ಅಕ್ಷರದಲ್ಲಿ ಎಎಂಡಿ ಅಂತ ಬರೆದಿದೆ, ಇಂಟೆಲ್‌ಗೆ ಎದುರಾಳಿ ಪ್ರೊಸೆಸರ್ ಕಂಪನಿ ಅದು. ಈ ಜಾತಿಯ ಅಗ್ಗದ 4 ಜಿಬಿ ಸ್ಟಿಕ್‌ಗಳು ಎಎಂಡಿ ಬೋರ್ಡ್‌ಗಳಲ್ಲಿ ಮಾತ್ರ ಓಡುತ್ತವೆ, ಇಂಟೆಲ್‌ಗೆ ಆಗುವುದಿಲ್ಲ. ಜೊತೆಗೆ ನನ್ನ ಬೋರ್ಡನ್ನು ನಡೆಸುವ ಜಿ31 ಚಿಪ್‌ಸೆಟ್ ಎರಡೂ ಸ್ಲಾಟ್ ಸೇರಿ ಒಪ್ಪುವುದೇ 4 ಜಿಬಿ, ಸ್ಲಾಟಿಗೆ 2ರಂತೆ. ಕೊನೆಗೆ ಯಾವುದೋ ಮಷಿನ್‌ನಿಂದ ಕಿತ್ತ 2 ಜಿಬಿಯ ಎರಡು ಸ್ಟಿಕ್ ಹಾಕಿದೆ, ಮಷಿನ್ ಎದ್ದಿತು.

ಹೀಗೆ ಮೂರು ಸಲ ಬಸ್ ಹತ್ತುವ ಬದಲು ಮೊದಲೇ ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದ್ದರೆ ಮುಗಿಯುತ್ತಿತ್ತು. ಮದರ್‌ಬೋರ್ಡ್ ಮೇಲೆಯೇ ಅದರ ಮಾಡೆಲ್ ಹೆಸರು ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಸ್ಲಾಟ್‌ಗಳ ನಡುವೆ. ಮೂಲೆಯಲ್ಲಿ ಆರ್‌ಇವಿ ಅಂತ ಒಂದು ನಂಬರ್ ಇದ್ದರೆ ಅದನ್ನೂ ಸೇರಿಸಿ ಫೋಟೋ ತೆಗೆದುಕೊಳ್ಳಿ, ಒಂದೇ ಮಾಡೆಲ್‌ನಲ್ಲಿ ರಿವಿಷನ್ ಬದಲಾದರೆ ಹೊಂದುವ ಪಾರ್ಟೂ ಬದಲಾಗಬಹುದು. ಮಷಿನ್ ಇನ್ನೂ ಓಡುತ್ತಿದ್ದರೆ ಸಿಪಿಯು-ಝಡ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಇದನ್ನೆಲ್ಲ ತೋರಿಸುತ್ತದೆ. ಆ ಹೆಸರು ಹಿಡಿದು ಹುಡುಕಿದರೆ ಬೋರ್ಡಿನ ಮ್ಯಾನ್ಯುಯಲ್ ಸಿಗುತ್ತದೆ. ಯಾವ ರ‍್ಯಾಮ್, ಎಷ್ಟು, ಯಾವ ಪ್ರೊಸೆಸರ್, ಎಲ್ಲ ಅದರಲ್ಲಿ ಇರುತ್ತದೆ.

ಪ್ರೊಸೆಸರ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ನನ್ನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, 775 ಅನ್ನುವ ಮಾದರಿಯದು. ಅದರಲ್ಲಿ ಪೆಂಟಿಯಮ್ 4ರಿಂದ ಕೋರ್ 2 ಕ್ವಾಡ್‌ವರೆಗೆ ಎಲ್ಲವೂ ಕೂರುತ್ತವೆ, ಆದರೆ ಕೂತಿದ್ದೆಲ್ಲ ಓಡುವುದಿಲ್ಲ. ಚಿಪ್‌ಸೆಟ್ ಒಪ್ಪಬೇಕು, ಆನ್ ಮಾಡಿದಾಗ ಮೊದಲು ಓಡುವ ಬಯೋಸ್ ಸಾಫ್ಟ್‌ವೇರ್ ಗುರುತು ಹಿಡಿಯಬೇಕು, ಕೆಲವು ಕ್ವಾಡ್‌ಗಳು ಎಳೆಯುವ 95 ವ್ಯಾಟ್ ಕರೆಂಟನ್ನು ಬೋರ್ಡ್ ತಡೆಯಬೇಕು. ಇನ್ನು ಫ್ಯಾನ್ ಕಥೆ ಕೇಳಿ. ಪ್ರೊಸೆಸರ್ ಫ್ಯಾನ್ ಕೂರಿಸಲು 775 ಬೋರ್ಡಿನಲ್ಲಿರುವ ನಾಲ್ಕು ತೂತುಗಳ ನಡುವೆ 72 ಮಿಲಿಮೀಟರ್, ಅದರ ನಂತರ ಬಂದ 1156, 1155 ಬೋರ್ಡಿನಲ್ಲಿ 75. ಮೂರೇ ಮಿಲಿಮೀಟರ್! ಅಷ್ಟಕ್ಕೇ ಒಂದರ ಫ್ಯಾನ್ ಇನ್ನೊಂದರಲ್ಲಿ ಕೂರುವುದಿಲ್ಲ.

ಹಳೇ ಬೋರ್ಡೇ ಕೊಳ್ಳುವವರಿದ್ದರೆ ಒಂದು ಮಾತು. 775ರಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಇರುವುದಿಲ್ಲ, ಬೋರ್ಡಿನ ಸಾಕೆಟ್‌ನಲ್ಲೇ ಇರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಒಂದು ಪಿನ್ ಬಾಗಿದ್ದರೂ ಬೇಡ. ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಪೂರಿ ಹಾಗೆ ಉಬ್ಬಿದ್ದರೂ ಬೇಡ. ಅಂಗಡಿಯಲ್ಲೇ ಆನ್ ಮಾಡಿ ತೋರಿಸಿ ಅನ್ನುವುದಕ್ಕೆ ನಾಚಿಕೆ ಪಡಬೇಡಿ.

ಕಂಪನಿಯವರೇ ಜೋಡಿಸಿ ಕೊಟ್ಟ ಬ್ರಾಂಡೆಡ್ ಮಷಿನ್ ಆದರೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್‌ನ ಅಳತೆ, ಅದರ ಪ್ಲಗ್, ಮುಂದಿನ ಪವರ್ ಬಟನ್ ವೈರು ಎಲ್ಲ ಬೇರೆಯೇ ಇರಬಹುದು. ಬಾಯಲ್ಲಿ ಹೇಳುವುದಕ್ಕಿಂತ ಕೆಟ್ಟ ಪೀಸನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಮೇಲು. ಗಡಿಯಾರ ದಿನಾ ಹಿಂದಕ್ಕೆ ಹೋಗುತ್ತಿದ್ದರೆ ಮಾತ್ರ ಗಾಬರಿ ಬೇಡ, ಅದು ಬೋರ್ಡ್ ಮೇಲಿನ ಸಿಆರ್ 2032 ಸೆಲ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ದುಡ್ಡು ಹಾಕುವುದೇ ಆದರೆ ನಾನು ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಸಾಟಾ ಎಸ್‌ಎಸ್‌ಡಿಗೆ ಹಾಕುತ್ತೇನೆ. ಹಳೇ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್‌ಗೂ ಅದು ಹೊಂದುತ್ತದೆ. ಪೂರ್ತಿ ವೇಗ ಬರುವುದಿಲ್ಲ, ಆದರೂ ಮೊದಲು ಆನ್ ಮಾಡಿ ಕಾಫಿ ಸೋಸಿಕೊಂಡು ಬರುತ್ತಿದ್ದ ನಾನು ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅದು ತಯಾರಾಗಿರುತ್ತದೆ. ನಾಳೆ ಬೋರ್ಡೇ ಹೋದರೆ ಇನ್ನೊಂದು 775 ಹುಡುಕಿಕೊಂಡು ಅಲೆಯುವುದಿಲ್ಲ, ಈ ಎಸ್‌ಎಸ್‌ಡಿ ಬಿಚ್ಚಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತೇನೆ. ಅಂದಹಾಗೆ, ಆ ಡಿಡಿಆರ್ 3 ಸ್ಟಿಕ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ, ವಾಪಸ್ ತಗೊಳ್ಳಲ್ಲ ಅಂದುಬಿಟ್ಟರು. ನಮಸ್ಕಾರ.