ಬಸ್ಸಿನ ಟೈಮ್ ಗೊತ್ತಿರುವ ಪ್ರಿನ್ಸಿಪಾಲರು

ಕೇಳುಗರಿಗೆಲ್ಲ ನಮಸ್ಕಾರ. ನಾನು ಕಾಸರಗೋಡಿನ ಒಳಗಿನ ಒಂದು ಹಳ್ಳಿಯವ, ಊರಿನ ಕಾಲೇಜಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವ. ಹಳ್ಳಿಯಲ್ಲಿ ಸಮುದಾಯ ಕಾಲೇಜು ನಡೆಸುವವರಿಗೆ ಎಂಥದ್ದೆಲ್ಲ ಗೊತ್ತಿರಬೇಕು ಅಂತ ಇವತ್ತು ಸ್ವಲ್ಪ ಮಾತಾಡ್ತೇನೆ.

ಸಮುದಾಯ ಕಾಲೇಜು ಅಂದ್ರೆ ಊರಿನ ಮಕ್ಕಳು, ಓದು ಅರ್ಧಕ್ಕೆ ಬಿಟ್ಟವರು, ಮನೆಯಲ್ಲಿರುವ ಹೆಂಗಸರು ದೂರ ಹೋಗದೆ ಒಂದು ಕೆಲಸದ ವಿದ್ಯೆ ಕಲಿಯುವ ಜಾಗ. ಅಮೆರಿಕದಲ್ಲಿ ಇದು ಸುರುವಾದದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನುವ ಊರಲ್ಲಿ. ನಮ್ಮ ದೇಶಕ್ಕೆ 1995ರಲ್ಲಿ ಪುದುಚೇರಿಗೆ ಬಂತು, 2013ರ ಹೊತ್ತಿಗೆ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ ಆಯೋಗದ ಸ್ಕೀಮೂ ಆಯ್ತು. ಅಮೆರಿಕದ ಸಮುದಾಯ ಕಾಲೇಜುಗಳ ಸಂಘ 2005ರಲ್ಲಿ ಮುಖ್ಯಸ್ಥರಿಗೆ ಬೇಕಾದ ಆರು ಸಾಮರ್ಥ್ಯ ಬರೆದಿಟ್ಟಿತ್ತು, ದುಡ್ಡು ಜನ ಸಂಭಾಳಿಸುವುದು, ಮಾತುಕತೆ, ನಾಲ್ಕು ಜನರ ಜೊತೆ ಸೇರಿ ಕೆಲಸ ಮಾಡುವುದು ಹೀಗೆ. ಎಲ್ಲ ಸರಿಯೇ. ಆದ್ರೆ ಹಳ್ಳಿಯಲ್ಲಿ ಇದೆಲ್ಲಕ್ಕೂ ಮೊದಲು ಊರು ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ.

ಒಂದು ಸಂಗತಿ ಹೇಳ್ತೇನೆ. ನಮ್ಮಲ್ಲಿ ಆಗ ಕ್ಲಾಸ್ ಬಿಡ್ತಿದ್ದದ್ದು ನಾಲ್ಕೂವರೆಗೆ, ಗುಡ್ಡದ ಕಡೆಯ ಬಸ್ಸು ಹೊರಡ್ತಿದ್ದದ್ದು ನಾಲ್ಕೂ ಇಪ್ಪತ್ತಕ್ಕೆ, ಮತ್ತೆ ಬಸ್ಸಿದ್ದದ್ದು ಆರು ಗಂಟೆಗೆ. ಮಳೆಗಾಲದಲ್ಲಿ ಆರು ಗಂಟೆಗೇ ಕತ್ತಲೆ, ಹುಡುಗಿಯರು ಬಸ್ಸಿಳಿದು ತೋಟದ ಬದಿಯಲ್ಲೇ ನಡೆಯಬೇಕು, ಹಾಗಾಗಿ ಮನೆಯವರು ಓದು ಬಿಡಿಸ್ತಿದ್ರು, ನಾವು ಸ್ಟಾಫ್ ರೂಮಲ್ಲಿ ಕೂತು ಹಾಜರಿ ಕಮ್ಮಿ ಕಮ್ಮಿ ಅಂತ ಬೇಸರ ಮಾಡ್ಕೊಂಡದ್ದೇ ಬಂತು. ಹೊಸದಾಗಿ ಬಂದ ಪ್ರಿನ್ಸಿಪಾಲರು ಒಂದು ವಾರ ಅದೇ ಬಸ್ಸಲ್ಲಿ ಹೋಗಿ ಬಂದ್ರು. ಮುಂದಿನ ಸೋಮವಾರದಿಂದ ಬೆಳಿಗ್ಗೆ ಅರ್ಧ ಗಂಟೆ ಬೇಗ ಕ್ಲಾಸ್ ಸುರು, ಬಿಡೋದೂ ನಾಲ್ಕಕ್ಕೇ. ಅಷ್ಟೇ. ಅಷ್ಟು ವರ್ಷ ಅದು ನಮಗೆ ಯಾರಿಗೂ ಹೊಳೆದಿರ್ಲಿಲ್ಲ ಅಂತ ನೆನೆದ್ರೆ ಈಗಲೂ ಮನಸ್ಸಿಗೆ ಕಷ್ಟ ಆಗ್ತದೆ.

ಕೋರ್ಸಿನ ವಿಷಯವೂ ಹಾಗೇ. ನನಗೆ ಗೊತ್ತಿರುವ ಒಂದು ಕಡೆ ಯಾರನ್ನೂ ಕೇಳದೆ ಕಂಪ್ಯೂಟರ್ ಕೋರ್ಸ್ ತಂದ್ರು, ಕಲಿತ ಮಕ್ಕಳಿಗೆ ಹತ್ತಿರದಲ್ಲೆಲ್ಲೂ ಕೆಲಸ ಸಿಗ್ಲಿಲ್ಲ. ಅದೇ ಊರಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಅನ್ನುವ ಮದ್ದು ಬಿಡ್ಲಿಕ್ಕೆ ಮರ ಹತ್ತುವವರಿಲ್ಲದೆ ಅಡಿಕೆ ಉದುರಿ ಹೋಗ್ತಿತ್ತು. ಫೈಬರ್ ದೋಟಿ, ಅಂದ್ರೆ ಉದ್ದದ ಕೋಲು ಹಿಡಿದು ಕೆಳಗಿಂದಲೇ ಸ್ಪ್ರೇ ಮಾಡ್ಲಿಕ್ಕೆ, ಕೊಯ್ಲು ಮಾಡ್ಲಿಕ್ಕೆ, ಪಂಪು ರಿಪೇರಿಗೆ ಕಲಿತವರಿಗೆ ಇಲ್ಲಿ ವರ್ಷವಿಡೀ ಕೆಲಸ ಉಂಟು. ತೆಂಗು ಅಡಿಕೆಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರೋದೇ ಕಾಸರಗೋಡಲ್ಲಿ, ಅವರ ಹತ್ರ ಹೋಗಿ ಮಾತಾಡ್ಬೇಕು, ಪಂಚಾಯತಿಗೆ ಹೋಗ್ಬೇಕು, ತೋಟದವರನ್ನು ಕರೆದು ಕೂರಿಸಿ ಕೇಳ್ಬೇಕು, ಆಮೇಲೆ ಸಿಲೆಬಸ್. ಇದಕ್ಕೆ ಆಫೀಸಿನಿಂದ ಎದ್ದು ಹೊರಗೆ ಹೋಗುವ ಮನಸ್ಸು ಬೇಕು, ಅದಿಲ್ಲದವರು ಎಷ್ಟು ಓದಿದ್ರೂ ಹಳ್ಳಿಗೆ ಆಗುವವರಲ್ಲ.

ಇನ್ನು ಭಾಷೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಆಫೀಸಿನ ಕಾಗದ ಹೆಚ್ಚಾಗಿ ಮಲಯಾಳದಲ್ಲಿ, ಶಾಲೆ ಕನ್ನಡದಲ್ಲಿ, ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಟಿ ಯಾವುದೂ ಇರ್ಬಹುದು. ಫಾರ್ಮ್ ನೋಡಿಯೇ ಹೆದರಿ ವಾಪಸ್ ಹೋದವರನ್ನು ನಾನೇ ಕಂಡಿದ್ದೇನೆ. ಒಂದು ದಿನ ಒಬ್ಬ ಅಮ್ಮ ಬಾಗಿಲ ಹತ್ರ ಚಪ್ಪಲಿ ಬಿಟ್ಟು, ಒಳಗೆ ಬರ್ಲೋ ಬೇಡವೋ ಅಂತ ನಿಂತಿದ್ರು. ಅದೇ ಪ್ರಿನ್ಸಿಪಾಲರು ಎದ್ದು ಹೋಗಿ ತುಳುವಲ್ಲಿ "ಬಲೆ, ಕುಳ್ಳುಲೆ" ಅಂದ್ರು, ಬನ್ನಿ, ಕೂತ್ಕೊಳ್ಳಿ ಅಂತ. ಆಯಮ್ಮ ಕೂತು, ಪ್ಲಾಸ್ಟಿಕ್ ತೊಟ್ಟೆಯಿಂದ ಮಗಳ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ರು. ಮಗಳು ಓದು ಬಿಟ್ಟು ಮೂರು ವರ್ಷ ಆಗಿತ್ತು. ಫಾರ್ಮನ್ನು ಪ್ರಿನ್ಸಿಪಾಲರೇ ತುಂಬಿಸಿದ್ರು, ಮರುವಾರ ಆ ಹುಡುಗಿ ಗುಡ್ಡದ ಬಸ್ಸಿಳಿದು ಕ್ಲಾಸಿಗೆ ಬಂದ್ಲು.

ನಮಸ್ಕಾರ.