ಡೇಟಾಬೇಸ್‌ಗೆ ಡಿಸ್ಕ್ ಎಷ್ಟು ಬೇಕು?

ಕೇಳುಗರೇ, ನಮಸ್ಕಾರ. ದೊಡ್ಡ ಡೇಟಾಬೇಸ್‌ಗೆ ಡಿಸ್ಕ್ ಎಷ್ಟು ಬೇಕು ಅಂತ ಕೇಳಿದರೆ ಸುಮಾರು ಜನ ಕಾಲಂಗಳ ಅಳತೆ ಕೂಡಿಸಿ, ಸಾಲುಗಳಿಂದ ಗುಣಿಸಿ, ಇಷ್ಟು ಸಾಕು ಅಂದುಬಿಡುತ್ತಾರೆ. ಗುಣಾಕಾರ ಸರಿಯಾಗಿಯೇ ಇರುತ್ತದೆ. ಡಿಸ್ಕ್ ಮಾತ್ರ ಸಾಲದೆ ಬರುತ್ತದೆ.

ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಇಟ್ಟುಕೊಂಡೇ ಒಂದು ಲೆಕ್ಕ ಹಾಕೋಣ, ಪೆನ್ನು ಇದ್ದರೆ ತಗೊಳ್ಳಿ. 10 ಲಕ್ಷ ಕರೆಂಟ್ ಮೀಟರ್, ಅರ್ಧ ಗಂಟೆಗೊಂದು ರೀಡಿಂಗ್ ಅಂದುಕೊಳ್ಳಿ. ದಿನಕ್ಕೆ 4 ಕೋಟಿ 80 ಲಕ್ಷ ಸಾಲು ಆಯಿತು. ಮೀಟರ್ ನಂಬರ್‌ಗೆ 8 ಬೈಟ್, ಸಮಯಕ್ಕೆ 8, ರೀಡಿಂಗ್‌ಗೆ 8, ಒಟ್ಟು 24. ವರ್ಷಕ್ಕೆ 420 ಜಿಬಿ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಆದರೆ ಪೋಸ್ಟ್‌ಗ್ರೆಸ್ ಪ್ರತಿ ಸಾಲಿಗೂ 23 ಬೈಟ್‌ನ ಹೆಡರ್, ಅಂದರೆ ಆ ಸಾಲಿನ ಬಗ್ಗೆ ತನ್ನದೇ ಟಿಪ್ಪಣಿ, ಹಚ್ಚುತ್ತದೆ, ಅದನ್ನು 24ಕ್ಕೆ ಏರಿಸುತ್ತದೆ, ಆ ಸಾಲು ಪೇಜ್ ಅನ್ನೋ ಡಿಸ್ಕ್ ತುಂಡಿನಲ್ಲಿ ಎಲ್ಲಿದೆ ಅಂತ ಗುರುತಿಡೋಕೆ ಇನ್ನೊಂದು 4 ಬೈಟ್ ತಗೊಳ್ಳುತ್ತದೆ. 24 ಇದ್ದದ್ದು 52 ಆಯಿತು. ಸರಕಿಗಿಂತ ಗೋಣಿಚೀಲವೇ ಭಾರ! ವರ್ಷದ ಲೆಕ್ಕ 900 ಜಿಬಿ ದಾಟಿತು. ಮೀಟರ್ ಮತ್ತು ಸಮಯದ ಮೇಲೆ ಬೇಗ ಹುಡುಕೋಕೆ ಒಂದೇ ಒಂದು ಇಂಡೆಕ್ಸ್ ಹಾಕಿದರೂ ಅದು ಅರ್ಧ ಟಿಬಿಗಿಂತ ಜಾಸ್ತಿ ತಿನ್ನುತ್ತದೆ. ಎಲ್ಲಾ ಸೇರಿ ಒಂದೂವರೆ ಟಿಬಿ ಹತ್ತಿರ. ಇದಕ್ಕೊಂದು ರೆಪ್ಲಿಕಾ, ಅಂದರೆ ಇನ್ನೊಂದು ಸರ್ವರ್‌ನಲ್ಲಿ ಪೂರ್ತಿ ನಕಲು, ಇಟ್ಟರೆ ಮತ್ತೆ ಅಷ್ಟೇ. ಬ್ಯಾಕಪ್ ಲೆಕ್ಕ ಬೇರೆ.

ಗ್ರಾಹಕರ ಟೇಬಲ್‌ನಲ್ಲಿ ಇನ್ನೊಂದು ಕತೆ. ಅಲ್ಲಿ ವಿಳಾಸ ಕನ್ನಡದಲ್ಲಿದ್ದರೆ ಯುಟಿಎಫ್-8 ಅನ್ನೋ ಅಕ್ಷರ ಉಳಿಸುವ ಪದ್ಧತಿಯಲ್ಲಿ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ, ಅನುಸ್ವಾರ, ಎಲ್ಲಕ್ಕೂ 3 ಬೈಟ್. 'ಬೆಂಗಳೂರು' ಅಂತ ಬರೆದರೆ 24 ಬೈಟ್, ಅದೇ ಇಂಗ್ಲಿಷ್ ಅಕ್ಷರದಲ್ಲಿ 9. ಹಾಗಂತ ವಿಳಾಸವನ್ನು ಇಂಗ್ಲಿಷ್‌ಗೆ ಬದಲಾಯಿಸಬೇಡಿ ಮಾರಾಯ್ರೆ, ಲೆಕ್ಕದಲ್ಲಿ ಹಿಡಿದರೆ ಸಾಕು. ಜೊತೆಗೆ ಇಂಥ ಟೇಬಲ್ ಆಗಾಗ ಅಪ್‌ಡೇಟ್ ಆಗುತ್ತದೆ. ಅಪ್‌ಡೇಟ್ ಮಾಡಿದಾಗ ಹಳೆ ಸಾಲು ತಕ್ಷಣ ಹೋಗಲ್ಲ, ಸುಮ್ನೆ ಅಲ್ಲೇ ಬಿದ್ದಿರುತ್ತದೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸುಮಾರು ಶೇ. 20ರಷ್ಟು ಸತ್ತ ಸಾಲು ಸೇರಿದ ಮೇಲೆಯೇ ಆಟೋವ್ಯಾಕ್ಯೂಮ್, ಅಂದರೆ ಪೋಸ್ಟ್‌ಗ್ರೆಸ್‌ನ ತಾನೇ ಓಡುವ ಸ್ವಚ್ಛತಾ ಕೆಲಸ, ಗುಡಿಸೋಕೆ ಬರೋದು.

ಇಷ್ಟೆಲ್ಲ ಕೈಲೆಕ್ಕ ಬೇಡ ಅನ್ನೋರಿಗೆ ಸುಲಭದ ದಾರಿ ಇದೆ, ನನಗೂ ಅದೇ ಇಷ್ಟ. ನಿಮ್ಮದೇ ನಿಜವಾದ ಡೇಟಾದಿಂದ 10 ಲಕ್ಷ ಸಾಲು ತುಂಬಿ, ಇಂಡೆಕ್ಸ್‌ಗಳನ್ನೂ ಹಾಕಿ. ಆಮೇಲೆ ಪಿಜಿ ಟೋಟಲ್ ರಿಲೇಷನ್ ಸೈಜ್ ಅನ್ನೋ ಫಂಕ್ಷನ್ ಕರೆಯಿರಿ. ಟೇಬಲ್, ಇಂಡೆಕ್ಸ್ ಎಲ್ಲ ಸೇರಿಸಿ ಅಳತೆ ಹೇಳುತ್ತದೆ. ಅದನ್ನು 10 ಲಕ್ಷದಿಂದ ಭಾಗಿಸಿದರೆ ಒಂದು ಸಾಲಿನ ನಿಜವಾದ ತೂಕ ಸಿಕ್ಕಿತು. ಒಂದೇ ಹೆಸರು ಕಾಪಿ ಮಾಡಿ ತುಂಬಿಸಿದ ಸುಳ್ಳು ಡೇಟಾ ಮಾತ್ರ ಬೇಡ, ಇಂಡೆಕ್ಸ್ ಕುಗ್ಗಿ ಲೆಕ್ಕ ತಪ್ಪುತ್ತದೆ.

ಡಿಸ್ಕ್ ಪೂರ್ತಿ ತುಂಬುವಂತೆ ಮಾತ್ರ ಯಾವತ್ತೂ ಪ್ಲಾನ್ ಮಾಡಬೇಡಿ. ಸತ್ತ ಸಾಲುಗಳಿಂದ ಉಬ್ಬಿದ ಟೇಬಲ್ ಕುಗ್ಗಿಸೋಕೆ ವ್ಯಾಕ್ಯೂಮ್ ಫುಲ್ ಅನ್ನೋ ಕಮಾಂಡ್ ಕೊಡುತ್ತೀರಲ್ಲ, ಅದು ಇಡೀ ಟೇಬಲ್ಲನ್ನು ಹೊಸದಾಗಿ ಬರೆದು, ಕೆಲಸ ಮುಗಿದ ಮೇಲಷ್ಟೇ ಹಳೆಯದನ್ನು ಬಿಡುತ್ತದೆ. ಹಾಗಾಗಿ ನಿಮ್ಮ ಅತಿ ದೊಡ್ಡ ಟೇಬಲ್ ಇಂಡೆಕ್ಸ್ ಸಮೇತ ಇನ್ನೊಮ್ಮೆ ಹಿಡಿಯುವಷ್ಟು ಜಾಗ ಖಾಲಿ ಇರಲೇಬೇಕು.