ತಾರಸಿ ನೀರು ಎಲ್ಲಿಗೆ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಮಳೆ ನೀರಿನ ದಾರಿ ಬೇರೆ, ಕೊಳಚೆ ನೀರಿನ ದಾರಿ ಬೇರೆ. ಬೆಂಗಳೂರಿನಲ್ಲಿ ಮಳೆ ನೀರಿಗೆ ರಾಜಕಾಲುವೆ. ಬಚ್ಚಲು, ಪಾಯಿಖಾನೆ ನೀರಿಗೆ ನೆಲದಡಿಯ ಯುಜಿಡಿ ಪೈಪು. ಎರಡೂ ಕೂಡಬಾರದು, ಅಷ್ಟೇ.

ನಮ್ಮ ಭಾವನ ಮನೆ ಇಳಿಜಾರಿನ ಕೊನೆಯಲ್ಲಿದೆ. ಒಂದು ರಾತ್ರಿ ಜೋರು ಮಳೆ. 11 ಗಂಟೆಗೆ ಫೋನು. ‘ಬಚ್ಚಲ ಜಾಲರಿಯಿಂದ ನೀರು ಮೇಲೆ ಬರ್ತಿದೆ, ನೀನು ಇಂಜಿನಿಯರ್ ಅಲ್ವಾ, ಬಾರಯ್ಯ’ ಅಂದರು. ಹೋದೆ. ಅಕ್ಕ ಜಾಲರಿಗೆ ಗೋಣಿಚೀಲ ತುರುಕಿ, ಮೇಲೆ ರುಬ್ಬುವ ಗುಂಡು ಇಟ್ಟಿದ್ದಳು. ಗುಂಡಿನ ಸುತ್ತ ಕಪ್ಪು ನೀರು ಬುಳುಬುಳು ಅನ್ನುತ್ತಿತ್ತು. ಭಾವ ಮಾತ್ರ ಸೋಫಾ ಮೇಲೆ ಕಾಲು ಮಡಚಿ ಕೂತು ಸರ್ಕಾರಕ್ಕೆ ಶಾಪ ಹಾಕುತ್ತಿದ್ದರು. ಟಾರ್ಚ್ ಹಿಡಿದು ಹೊರಗೆ ಹೋಗಿ ಯುಜಿಡಿ ಪೈಪಿನ ಚೇಂಬರ್ ಮುಚ್ಚಳ ಎತ್ತಿದೆ. ತಾರಸಿಯಿಂದ ಇಳಿದ ನಾಲ್ಕಿಂಚಿನ ಪೈಪು ಸೀದಾ ಅದರೊಳಗೇ ಸುರಿಯುತ್ತಿತ್ತು! ಯಾರ ತಾರಸಿ? ಭಾವನದೇ. ಮನೆ ಕಟ್ಟುವಾಗ ನಾಲ್ಕಡಿ ಪೈಪು ಉಳಿಸಿದ್ದರಂತೆ. ವಿಚಾರಿಸಿದರೆ ಮೇಲಿನ ಮನೆಗಳವರೂ ಅದನ್ನೇ ಮಾಡಿದ್ದರು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಬೀದಿಯಲ್ಲಿ 20 ಮನೆ ಇದ್ದರೆ ಒಂದು ಲಕ್ಷ ಲೀಟರ್! ಬಚ್ಚಲ ನೀರಿಗೆಂದು ಹಾಕಿದ ಪೈಪು ಎಷ್ಟಂತ ತಡೆದೀತು? ಮುಚ್ಚಳ ಹಾರುತ್ತದೆ. ಉಕ್ಕಿದ ಕೊಳಚೆ ರಾಜಕಾಲುವೆ ಸೇರುತ್ತದೆ, ಅಲ್ಲಿಂದ ಕೆರೆಗೆ. ಅದಕ್ಕೇ ಮತ್ತೆ ಹೇಳುತ್ತೇನೆ, ಎರಡೂ ಕೂಡಬಾರದು.

ಭಾವನ ಕಥೆ ಸ್ವಲ್ಪ ಜಾಸ್ತಿಯೇ ಆಯಿತು. ಕೆರೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕೆರೆಗಳು ಸರಪಣಿ ಇದ್ದ ಹಾಗೆ. ಒಂದು ಕೋಡಿ ಬಿದ್ದರೆ ನೀರು ಮುಂದಿನದಕ್ಕೆ. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ದಾರಿಯಲ್ಲಿ ಕೊಳಚೆ ಬಿಟ್ಟು ಏನಾಯಿತು? ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿತು. 2015ರಲ್ಲಿ ಬೆಂಕಿಯೂ ಹತ್ತಿತು. ನೀರಿಗೆ ಬೆಂಕಿ, ಸ್ವಾಮಿ! ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಧರ್ಮಾಂಬುಧಿ ಕೆರೆಯ ಮಾತು ಇನ್ನೊಂದು ದಿನಕ್ಕಿರಲಿ.

ಈ ಭಾನುವಾರ ತಾರಸಿ ಮೇಲೆ ಎರಡು ಬಕೆಟ್ ನೀರು ಸುರಿಯಿರಿ. ಒಬ್ಬರನ್ನು ಕೆಳಗೆ ಚೇಂಬರ್ ಹತ್ತಿರ ನಿಲ್ಲಿಸಿ. ಅಲ್ಲಿ ನೀರು ಬಂದರೆ ಸೋಮವಾರವೇ ಪ್ಲಂಬರ್ ಕರೆಸಿ, ಪೈಪನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. ನಮ್ಮ ಭಾವ ‘ನೋಡೋಣ, ನೋಡೋಣ’ ಅನ್ನುತ್ತಾ ಮೂರು ಮಳೆಗಾಲ ಕಳೆದರು. ಅಷ್ಟೂ ದಿನ ಅಕ್ಕನ ರುಬ್ಬುವ ಗುಂಡು ಬಚ್ಚಲಲ್ಲೇ ಇತ್ತು. ನಮಸ್ಕಾರ.